ಬೇಸಿಗೆಯಲ್ಲಿ ಕನ್ವರ್ಟಿಬಲ್: ರೂಫ್ ಎಷ್ಟು ಹೊತ್ತಿಗೆ ತೆರೆಯಬೇಕು?

ಏಪ್ರಿಲ್ ಬಂತೆಂದರೆ ನಮ್ಮ ವರ್ಕ್‌ಶಾಪಿಗೆ ಬರುವ ಕನ್ವರ್ಟಿಬಲ್, ಅಂದರೆ ರೂಫ್ ತೆರೆದು ಮುಚ್ಚಬಹುದಾದ ಕಾರುಗಳ ದೂರು ಹೆಚ್ಚುಕಡಿಮೆ ಒಂದೇ. ‘ಎಸಿ ಸರಿ ಇಲ್ಲ, ಗ್ಯಾಸ್ ತುಂಬಿಸಿ ಕೊಡಿ.’ ನಾನು ಪುಣೆಯಲ್ಲಿ ಕಾರಿನ ಎಸಿ ಮತ್ತು ಕೂಲಿಂಗ್ ಕೆಲಸ ಮಾಡುವವನು. ಹೀಗೆ ಬರುವ ಬಹಳಷ್ಟು ಕಾರುಗಳಲ್ಲಿ ಎಸಿ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ರೂಫ್ ತೆರೆಯುವ ಹೊತ್ತಿನಲ್ಲಿ.

ಮುಂಬೈಯ ಮಾಟುಂಗಾದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಹಿರಿಯರೊಬ್ಬರು ತಮ್ಮ ಎರಡು ಸೀಟಿನ ಕಾರು ತಂದಿದ್ದರು. ‘ಎಂತ ಮಾರಾಯ್ರೆ, ಸಯಾನ್ ಸಿಗ್ನಲ್ಲಿನಲ್ಲಿ ನಿಂತರೆ ತಲೆ ಬೇಯ್ತದೆ. ಎಸಿ ಉಂಟು, ತಂಪೇ ಇಲ್ಲ’ ಎಂದರು. ರೂಫ್ ತೆರೆದೇ ಇಟ್ಟು, ಡ್ಯಾಶ್‌ಬೋರ್ಡಿನ ನಡುವಿನ ವೆಂಟಿಗೆ ಥರ್ಮಾಮೀಟರ್ ಸಿಕ್ಕಿಸಿದೆ. 7 ಡಿಗ್ರಿ ತೋರಿಸಿತು. ಅದೇ ಥರ್ಮಾಮೀಟರ್ ಅವರ ತಲೆಯ ಮಟ್ಟಕ್ಕೆ ಹಿಡಿದರೆ 36. ನಡುವೆ ಎರಡು ಮೊಳವೂ ಅಂತರ ಇರಲಿಲ್ಲ.

ಮುಚ್ಚಿದ ಕಾರಿನಲ್ಲಿ ಎಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಎಳೆದು ತಂಪು ಮಾಡುತ್ತದೆ. ರೂಫ್ ಇಲ್ಲದಿದ್ದರೆ ಆ ತಂಪು ಗಾಳಿ ನಿಲ್ಲುವುದೇ ಇಲ್ಲ. ಹಾಗಾಗಿ ಗಾಳಿಯನ್ನು ತಂಪು ಮಾಡುವ ಆಸೆ ಬಿಟ್ಟು, ಮೈಯನ್ನು ತಂಪು ಮಾಡಿಕೊಳ್ಳಬೇಕು. ವೆಂಟುಗಳನ್ನು ಮುಖಕ್ಕೆ ತಿರುಗಿಸಬೇಡಿ, ಎದೆ ಮತ್ತು ತೊಡೆಯ ಕಡೆಗೆ ಬಗ್ಗಿಸಿ. ಒಂದನ್ನು ಸ್ಟೀರಿಂಗ್ ಹಿಡಿದ ಕೈಗೆ ಬಿಡಿ. ಕಾಲಿನ ವೆಂಟ್ ತೆರೆದಿರಲಿ. ಪಕ್ಕದ ಗಾಜುಗಳನ್ನು ಪೂರ್ತಿ ಮೇಲೆತ್ತಿ. ತಂಪು ಗಾಳಿ ಭಾರ, ಕೆಳಗೇ ಕೂರುತ್ತದೆ. ಗಾಜು ಮೇಲಿದ್ದರೆ ಸೊಂಟದವರೆಗಾದರೂ ಆ ತಂಪು ಉಳಿಯುತ್ತದೆ.

ಸೀಟಿನ ಹಿಂದಿನ ಜಾಲರಿ, ಅಂದರೆ ವಿಂಡ್ ಡಿಫ್ಲೆಕ್ಟರ್, ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. ವೇಗವಾಗಿ ಹೋಗುವಾಗ ಗಾಳಿ ಮುಂಗಾಜಿನ ಮೇಲೆ ಹಾರಿ, ಸೀಟಿನ ಹಿಂದೆ ಸುಳಿದು, ಹಿಂದಿನಿಂದ ಕುತ್ತಿಗೆಗೆ ಬಂದು ಬಡಿಯುತ್ತದೆ. ಪುಣೆಯ ಏಪ್ರಿಲ್ ಮಧ್ಯಾಹ್ನ ಹೊರಗೆ 39 ಡಿಗ್ರಿ ಇರುತ್ತದೆ, ನಮ್ಮ ಚರ್ಮ ಸುಮಾರು 35. ಚರ್ಮಕ್ಕಿಂತ ಬಿಸಿಯಾದ ಗಾಳಿ ಬೀಸಿದಷ್ಟೂ ಮೈ ಕಾಯುತ್ತದೆ. ಅಂಥ ಹೊತ್ತಲ್ಲಿ ಜಾಲರಿ ಹಾಕಲೇಬೇಕು. ಮುಂಬೈಯ ಸಂಜೆ ಬೇರೆ. ಅಲ್ಲಿ 31, 32 ಡಿಗ್ರಿ, ಆದರೆ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಆರುವುದಿಲ್ಲ, ಸೋರುತ್ತದೆ. ಗಾಳಿ ಎಷ್ಟು ಬಡಿದರೆ ಅಷ್ಟು ಒಳ್ಳೆಯದು. ಅಲ್ಲಿ ಜಾಲರಿ ತೆಗೆದಿಡಿ. ಒಂದೇ ಕಾರು, ಪುಣೆ ಮುಂಬೈ ನಡುವಿನ ಘಾಟಿನ ಆ ಕಡೆ ಈ ಕಡೆ ಎರಡು ಥರ ಬಳಸಬೇಕು.

ಇನ್ನು ಬಿಸಿಲು. ಉಷ್ಣಾಂಶಕ್ಕಿಂತ ನಾನು ಹೆದರುವುದು ಇದಕ್ಕೆ. ಮಟಮಟ ಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಒಂದು ಇಸ್ತ್ರಿಪೆಟ್ಟಿಗೆಯ ಶಾಖ ತಲೆ, ಹೆಗಲು, ತೊಡೆಯ ಮೇಲೆ ಹರಡಿದ ಹಾಗೆ. ಈ ಕಾರುಗಳು ಹುಟ್ಟಿದ್ದು ತಂಪು ದೇಶಗಳಲ್ಲಿ. 2004ರಲ್ಲಿ ಮರ್ಸಿಡಿಸ್ ತನ್ನ ಎಸ್‌ಎಲ್‌ಕೆ ಕಾರಿಗೆ ಏರ್‌ಸ್ಕಾರ್ಫ್ ಅಂತ ಒಂದು ಸೌಲಭ್ಯ ಕೊಟ್ಟಿತು. ಅದು ಕುತ್ತಿಗೆಗೆ ಬೆಚ್ಚನೆ ಗಾಳಿ ಊದುವ ವ್ಯವಸ್ಥೆ! ಲಂಡನ್ನಿನಲ್ಲಿ ಜೂನ್ ಮಧ್ಯಾಹ್ನವೂ ಸೂರ್ಯ 62 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ನಮ್ಮಲ್ಲಿ ಮೇ ಮೊದಲ ವಾರ ಗೋವಾದಲ್ಲಿ, 13ರ ಸುಮಾರಿಗೆ ಪುಣೆಯಲ್ಲಿ, ಮತ್ತೆರಡು ದಿನಕ್ಕೆ ಮುಂಬೈಯಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಕಂಬದ ನೆರಳೂ ಕಾಲಡಿ ಸೇರುತ್ತದೆ. ಆಗ ಮುಂಗಾಜಿನ ಚೌಕಟ್ಟಿನ ನೆರಳು ನಿಮಗೆ ಸಿಗುವುದಿಲ್ಲ.

ಆದ್ದರಿಂದ ನಾನು ಗಿರಾಕಿಗಳಿಗೆ ಗಡಿಯಾರ ನೋಡಿ ರೂಫ್ ತೆರೆಯಿರಿ ಎನ್ನುತ್ತೇನೆ. ಪುಣೆಯಲ್ಲಿ ಏಪ್ರಿಲ್ ತಿಂಗಳ ಬೆಳಗಿನ ಜಾವ 20, 22 ಡಿಗ್ರಿಗೆ ಇಳಿದಿರುತ್ತದೆ. ಆರರಿಂದ ಎಂಟೂವರೆಯವರೆಗೆ ಸಿಂಹಗಡದ ರಸ್ತೆಯೋ ಮುಳಶಿಯ ರಸ್ತೆಯೋ ಹಿಡಿದರೆ ಎಸಿಯ ಮಾತೇ ಬೇಡ. ಒಂಬತ್ತಾದ ಮೇಲೆ ಮುಚ್ಚಿ. ಸಂಜೆ ಆರರವರೆಗೆ ತೆರೆಯಬೇಡಿ. ಮುಂಬೈಯಲ್ಲಿ ರಾತ್ರಿಯೂ ಅಷ್ಟೇನೂ ತಂಪಾಗುವುದಿಲ್ಲ, ಆದರೆ ಬಿಸಿಲು ಇರುವುದಿಲ್ಲ. ಅಲ್ಲಿ ಹೊತ್ತಿನ ಜೊತೆ ವೇಗವನ್ನೂ ನೋಡಬೇಕು. ಹಗಲಲ್ಲಿ ಗಾಡಿ 30ರ ಕೆಳಗೆ ತೆವಳುತ್ತಿದ್ದರೆ ಮುಚ್ಚಿಬಿಡಿ. ಬಿಎಂಡಬ್ಲ್ಯು ಝಡ್4, ಪೋರ್ಷೆ ಬಾಕ್ಸ್‌ಸ್ಟರ್ ಥರದ ಕಾರುಗಳ ಇತ್ತೀಚಿನ ಮಾಡೆಲ್‌ಗಳಲ್ಲಿ ರೂಫನ್ನು 50 ಕಿಲೋಮೀಟರ್ ವೇಗದವರೆಗೆ ಓಡುತ್ತಲೇ ಮುಚ್ಚಬಹುದು, ಹತ್ತು ಸೆಕೆಂಡು ಸಾಕು.

ದಿಕ್ಕನ್ನೂ ಲೆಕ್ಕ ಹಾಕಿ. ಮುಂಬೈಯ ಕೋಸ್ಟಲ್ ರೋಡಿನಲ್ಲಿ ಸಂಜೆ ವರ್ಲಿಯಿಂದ ದಕ್ಷಿಣಕ್ಕೆ ಬಂದರೆ ಸಮುದ್ರ ಬಲಕ್ಕೆ, ಸೂರ್ಯನೂ ಬಲಕ್ಕೆ. ಡ್ರೈವರ್ ಕೂರುವುದೂ ಬಲಕ್ಕೇ ಅಲ್ವಾ? ಬಲಗೈ ಪೂರ್ತಿ ಸುಡುತ್ತದೆ. ತುಂಬು ತೋಳಿನ ತೆಳು ಹತ್ತಿ ಅಂಗಿ ಹಾಕಿ. ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಕಿವಿಗೆ, ಕತ್ತಿನ ಹಿಂದೆ, ಕೂದಲು ತೆಳುವಾಗಿದ್ದರೆ ನೆತ್ತಿಗೂ ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಟೋಪಿಗೆ ದಾರ ಇರಲಿ. ಹಾರಿಹೋದ ಟೋಪಿ ಹಿಂದಿನ ಬೈಕ್ ಸವಾರನ ಮುಖಕ್ಕೆ ಹೋಗಿ ಬೀಳಬಹುದು.

ನೀರಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಮುಂಬೈಯಲ್ಲಿ ಅಂಗಿ ಒದ್ದೆಯಾಗುತ್ತದೆ, ಬೆವರಿದ್ದು ಗೊತ್ತಾಗುತ್ತದೆ. ಪುಣೆಯ ಒಣ ಗಾಳಿಯಲ್ಲಿ ತೆರೆದ ಕಾರು ಓಡಿಸಿದರೆ ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ. ಗಾಳಿ ಹಿತವಾಗಿದೆ ಎನ್ನುತ್ತಲೇ ಮೈಯ ನೀರು ಖಾಲಿಯಾಗುತ್ತಿರುತ್ತದೆ. ಮೊದಲು ತಲೆ ಭಾರ, ಆಮೇಲೆ ಸಿಡುಕು, ಬ್ರೇಕ್ ಒತ್ತುವುದು ತಡ. ಬಾಯಾರಿಕೆ ಆಗುವ ಮೊದಲೇ ಕುಡಿಯುತ್ತಾ ಇರಿ. ಉಪ್ಪು ಹಾಕಿದ ಮಜ್ಜಿಗೆ ತುಂಬಾ ಒಳ್ಳೆಯದು. ದೂರದ ದಾರಿಯಾದರೆ ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ವಾಕರಿಕೆ, ಸ್ನಾಯು ಸೆಳೆತ ಬಂದರೆ ಗಾಡಿ ನಿಲ್ಲಿಸಿ ನೆರಳಿಗೆ ಹೋಗಿ. ಜೊತೆಯಲ್ಲಿದ್ದವರ ಮಾತು ತೊದಲಿದರೆ, ಗೊಂದಲಗೊಂಡರೆ, ಮೈ ಸುಡುತ್ತಿದ್ದರೆ ಅದು ಹೀಟ್ ಸ್ಟ್ರೋಕ್ ಇರಬಹುದು. 108ಕ್ಕೆ ಫೋನ್ ಮಾಡಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಆಂಬುಲೆನ್ಸ್ ಬರಲಿ ಅಂತ ಸುಮ್ಮನೆ ಕಾಯಬೇಡಿ.

ಗೋವಾಕ್ಕೆ ಹೋಗಿ ಬಟ್ಟೆಯ ರೂಫಿನ (ಸಾಫ್ಟ್ ಟಾಪ್) ಥಾರ್ ಜೀಪು ಬಾಡಿಗೆ ಹಿಡಿಯುವ ಹುಡುಗರಿಗೆ ಒಂದು ಮಾತು. ಬನಿಯನ್ ಹಾಕಿಕೊಂಡು ಹನ್ನೊಂದರಿಂದ ಮೂರರವರೆಗೆ ಬೀಚಿನಿಂದ ಬೀಚಿಗೆ ತಿರುಗಬೇಡಿ. ಸಮುದ್ರದ ಗಾಳಿಗೆ ಚರ್ಮ ಸುಟ್ಟಿದ್ದು ಗೊತ್ತಾಗುವುದಿಲ್ಲ, ರಾತ್ರಿ ಮಲಗುವಾಗ ಗೊತ್ತಾಗುತ್ತದೆ. ಬಿಯರ್ ಮೈಯ ನೀರನ್ನು ಇನ್ನಷ್ಟು ಹೊರಹಾಕುತ್ತದೆ. ಕುಡಿದರೆ ಸ್ಟೀರಿಂಗ್ ಮುಟ್ಟಲೇಬೇಡಿ.

ನಿಲ್ಲಿಸುವಾಗ ಐದೇ ನಿಮಿಷಕ್ಕಾದರೂ ರೂಫ್ ಮುಚ್ಚಿ. ಕಪ್ಪು ಲೆದರ್ ಸೀಟು ನೇರ ಬಿಸಿಲಿಗೆ 60 ಡಿಗ್ರಿ ದಾಟುತ್ತದೆ. ಬೆಲ್ಟಿನ ಲೋಹದ ಬಕಲ್ ಕೈಗೆ ಬೊಬ್ಬೆ ಎಬ್ಬಿಸಬಲ್ಲದು. ಸೀಟಿನ ಮೇಲೆ ಒಂದು ಬಿಳಿ ಪಂಚೆ ಹಾಸಿ. ಸ್ಟೀರಿಂಗನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿ. ಬಿಸಿಲಿಗೆ ಕಾದ ಭಾಗ ಆಮೇಲೆ ಕೆಳಗೆ ಹೋಗುತ್ತದೆ, ಹಿಡಿಯುವ ಭಾಗ ತಣ್ಣಗಿರುತ್ತದೆ. ಮುಚ್ಚಿದ ಕಾರಿನೊಳಗೆ ಮೊದಲ ಹತ್ತು ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರುತ್ತದೆ. ಮಗುವನ್ನಾಗಲಿ ನಾಯಿಯನ್ನಾಗಲಿ ಬಿಟ್ಟು ಹೋಗುವಂತಿಲ್ಲ. ಹಳೆಯ ಕಾರಿನ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದಾಗಿದ್ದರೆ, ಕಾದಾಗ ಮಡಚಬೇಡಿ. ಮಡಿಕೆಯ ಗೆರೆ ಹಾಗೇ ಉಳಿದುಬಿಡುತ್ತದೆ.

ಈಗ ಇಂಜಿನ್ನು. ಬಾಕ್ಸ್‌ಸ್ಟರಿನಲ್ಲಿ ಇಂಜಿನ್ ಸೀಟಿನ ಹಿಂದೆ, ರೇಡಿಯೇಟರುಗಳು ಮಾತ್ರ ಮುಂದಿನ ಬಂಪರಿನ ಒಳಗೆ, ನೆಲಕ್ಕೆ ಹತ್ತಿರ. ರಸ್ತೆಯ ಕಸವೆಲ್ಲ ಅಲ್ಲಿಗೆ ನುಗ್ಗುತ್ತದೆ. ಹಾಗೆ ಬಿಸಿಯಾಗಿ ಬಂದ ಒಂದು ಕಾರಿನ ಬಂಪರ್ ಬಿಚ್ಚಿದಾಗ ಗುಲ್‌ಮೊಹರಿನ ಎಸಳು, ಬೇವಿನ ಎಲೆ, ಗುಟ್ಕಾ ಚೀಟಿ, ಒಂದು ಹಕ್ಕಿಯ ಗರಿ, ಎಲ್ಲ ಸೇರಿ ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ (ಎಸಿಯ ಶಾಖ ಹೊರಬಿಡುವ ಭಾಗ) ಕಂಬಳಿಯಾಗಿ ಅಂಟಿತ್ತು. ಕೈಯಿಂದ ಸುಲಿದು ತೆಗೆದೆ. ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ತನ್ನ ಜಾಗಕ್ಕೆ ಬಂತು. ಮಾರ್ಚಿನಲ್ಲೇ ಇದನ್ನು ತೆಗೆಸಿ. ಜೋರು ನೀರು ಹಾಯಿಸಿದರೆ ಅಲ್ಯೂಮಿನಿಯಂ ರೆಕ್ಕೆಗಳು ಬಾಗುತ್ತವೆ, ಮೆಲ್ಲಗೆ ತೊಳೆಸಿ. ಸಮುದ್ರದ ದಂಡೆಯಲ್ಲಿ ನಿಲ್ಲುವ ಕಾರುಗಳ ಕಂಡೆನ್ಸರಿಗೆ ಉಪ್ಪು ಹಿಡಿದು ರೆಕ್ಕೆಗಳು ಬಿಳಿ ಪುಡಿಯಾಗಿ ಉದುರುತ್ತವೆ. ಅಲ್ಲಿಯವರು ವಾರಕ್ಕೊಮ್ಮೆ ಸಿಹಿನೀರು ಹಾಕಬೇಕು.

ಪುಣೆ ಮುಂಬೈ ದಾರಿಯ ಬೋರ್ ಘಾಟಿನಲ್ಲಿ ಮೇ ತಿಂಗಳ ಶನಿವಾರ ವಾಹನ ಸಾಲು ನಿಂತರೆ ಮುಳ್ಳಿನ ಮೇಲೆ ಕಣ್ಣಿಡಿ. ಏರತೊಡಗಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ರೂಫ್ ತೆರೆಯಲು ನಾನು ಮಧ್ಯಾಹ್ನ ಒಪ್ಪುವ ಒಂದೇ ಸಂದರ್ಭ ಇದು, ಆ ಶಾಖ ಹೊರಗೆ ಹೋಗಲಿ ಅಂತ. ಬಿಸಿ ಇರುವಾಗ ಕೂಲೆಂಟ್ ಮುಚ್ಚಳ ಬಿಚ್ಚಬೇಡಿ.

ಟೈರು ಕೂಡ ನೋಡಿ. ಈ ಕಾರುಗಳು ಓಡುವುದು ಕಡಿಮೆ. ಟೈರಿನ ಹಲ್ಲು ಚೆನ್ನಾಗಿ ಕಾಣುತ್ತದೆ, ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2317 ಅಂತಿದ್ದರೆ 2017ರ 23ನೇ ವಾರ ತಯಾರಾದದ್ದು. ಅಂಥ ಟೈರಿನಲ್ಲಿ ಕಾದ ಕಾಂಕ್ರೀಟಿನ ಎಕ್ಸ್‌ಪ್ರೆಸ್ ವೇ ಹತ್ತಬೇಡಿ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಸಿ.

ಮೇ ಮುಗಿಯುವುದರೊಳಗೆ ಇನ್ನೊಂದು ಕೆಲಸ ಬಾಕಿ ಇದೆ. ಬೇಸಿಗೆಯ ದೂಳು, ಎಲೆ ಹೋಗಿ ರೂಫಿನ ಮೂಲೆಯ ನೀರು ಇಳಿಯುವ ತೂತುಗಳನ್ನು ಮುಚ್ಚಿರುತ್ತವೆ. ಗೋವಾಕ್ಕೆ ಜೂನ್ 5ರ ಸುಮಾರಿಗೆ, ಪುಣೆ ಮುಂಬೈಗೆ 10, 11ರ ಹೊತ್ತಿಗೆ ಮಳೆ ಬರುತ್ತದೆ. ರೂಫ್ ಅರ್ಧ ತೆರೆದು, ಎರಡೂ ಮೂಲೆಗೆ ಒಂದೊಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ಹಿಂದಿನ ಚಕ್ರದ ಹತ್ತಿರ ನೆಲಕ್ಕೆ ಇಳಿದರೆ ಸರಿ. ಇಳಿಯದಿದ್ದರೆ ಅವತ್ತೇ ತೂತು ಬಿಡಿಸಿ.