ಬಿಳಿ ಚೆಂಡು ಎಲ್ಲಿ ನಿಂತಿತು?

ಶಿವಮೊಗ್ಗದ ದುರ್ಗಿಗುಡಿಯ ಹತ್ತಿರ, ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕೋಣೆಯಲ್ಲಿ ಹತ್ತು ವರ್ಷಗಳಿಂದ ಪೂಲ್ ಆಡುತ್ತಿದ್ದೇನೆ; ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಟೇಬಲಿನ ಪಾಕೆಟ್‌ಗಳಿಗೆ ಬೀಳಿಸುವ ಆಟ. ಅದರಲ್ಲಿ ಎಂಟು ವರ್ಷ ನನ್ನ ಆಟ ಇದ್ದಲ್ಲೇ ಇತ್ತು. ಮಳೆಗಾಲದಲ್ಲಂತೂ ಇನ್ನಷ್ಟು ಕೆಡುತ್ತಿತ್ತು. ಫೆಬ್ರವರಿಯಲ್ಲಿ ಹೇಳಿದಂತೆ ಕೇಳುತ್ತಿದ್ದ ಬಿಳಿ ಚೆಂಡು ಜುಲೈನಲ್ಲಿ ಮಾತೇ ಕೇಳುತ್ತಿರಲಿಲ್ಲ. ಕೋಲನ್ನು ಬೈದೆ, ಟೇಬಲನ್ನು ಬೈದೆ, ಕೊನೆಗೆ ದುಡ್ಡು ಸುರಿದು ಹೊಸ ಕೋಲು ಕೊಂಡೆ. ಹೊಸ ಕೋಲೂ ಹಳೆಯ ಆಟವನ್ನೇ ಆಡಿತು. ಬಣ್ಣದ ಚೆಂಡು ಪಾಕೆಟ್‌ಗೆ ಬೀಳುವುದನ್ನೇ ಕಣ್ತುಂಬ ನೋಡುತ್ತಿದ್ದೆನೇ ಹೊರತು, ಬಿಳಿ ಚೆಂಡು ಆಮೇಲೆ ಏನು ಮಾಡಿತು ಎಂದು ಒಮ್ಮೆಯೂ ಗಮನಿಸಿರಲಿಲ್ಲ.

ಗಮನಿಸಲು ತೊಡಗಿದ ಮೇಲೆ ಮೊದಲು ಗೊತ್ತಾದದ್ದು, ಬಿಳಿ ಚೆಂಡು ಹೊರಟ ಕೂಡಲೇ ಉರುಳುವುದಿಲ್ಲ ಎಂಬುದು. ಕೋಲಿನ ತುದಿ ಅದರ ನಟ್ಟನಡುವಿಗೆ ತಾಗಿದರೆ ಅದು ಸೋಪಿನ ತುಂಡಿನಂತೆ ಜಾರುತ್ತದೆ. ಟೇಬಲಿನ ಬಟ್ಟೆ ಅದರ ತಳವನ್ನು ಹಿಂದಕ್ಕೆ ಜಗ್ಗುತ್ತದೆ; ಆ ಜಗ್ಗಾಟವೇ ಚೆಂಡನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸುತ್ತದೆ. ಜಾರುವುದು ನಿಂತು ಪೂರ್ತಿ ಉರುಳತೊಡಗುವ ಹೊತ್ತಿಗೆ ವೇಗ ಏಳರಲ್ಲಿ ಐದು ಪಾಲಿಗೆ ಇಳಿದಿರುತ್ತದೆ. ಬಟ್ಟೆ ಹೊಸದಿರಲಿ, ಹಳೆಯದಿರಲಿ, ಈ ಪಾಲು ಬದಲಾಗುವುದಿಲ್ಲ. ಬದಲಾಗುವುದು ಆ ಹಂತ ಮುಟ್ಟಲು ಬೇಕಾದ ದೂರ. ಬಟ್ಟೆ ಚೆಂಡನ್ನು ಎಷ್ಟು ಜಗ್ಗುತ್ತದೆ ಎಂಬುದರ ಅಳತೆಯಾದ ಘರ್ಷಣೆಯ ಗುಣಾಂಕ 0.2 ಎಂದು ಹಿಡಿದರೆ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಟ ಚೆಂಡು ಸುಮಾರು ಅರ್ಧ ಮೀಟರ್ ಜಾರುತ್ತದೆ. ವೇಗವನ್ನು ಇಮ್ಮಡಿ ಮಾಡಿದರೆ ಜಾರುವ ದೂರ ನಾಲ್ಕು ಪಟ್ಟಾಗಿ 2 ಮೀಟರ್ ಆಗುತ್ತದೆ. ಚೆಂಡಿನ ಕೆಳಭಾಗಕ್ಕೆ ಹೊಡೆದು ಕೊಟ್ಟ ಹಿಮ್ಮುಖ ಸುತ್ತನ್ನೂ ಬಟ್ಟೆ ಹೀಗೆಯೇ ದಾರಿಯುದ್ದಕ್ಕೂ ತಿನ್ನುತ್ತಿರುತ್ತದೆ. ದೂರದ ಚೆಂಡಿಗೆ ಮೆತ್ತಗೆ ಹೊಡೆದು ಬಿಳಿ ಚೆಂಡು ಹಿಂದಕ್ಕೆ ಬರಲಿ ಎಂದು ಕಾಯುವವರು ಈ ಲೆಕ್ಕ ಹಾಕಿರುವುದಿಲ್ಲ. ಸುತ್ತು ಅರ್ಧ ದಾರಿಯಲ್ಲೇ ಮುಗಿದಿರುತ್ತದೆ.

ಜುಲೈನ ಗುಟ್ಟು ಇರುವುದೂ ಇಲ್ಲೇ. ಟೇಬಲಿನ ಬಟ್ಟೆಯಲ್ಲಿ ಹೆಚ್ಚಿನ ಪಾಲು ಉಣ್ಣೆ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಗಾಳಿಯಿಂದ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ನಾಟಿಗೆ ಇಳಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತೇವ ಹಿಡಿದ, ಕೋಲಿನ ತುದಿಗೆ ಹಚ್ಚುವ ಚಾಕ್‌ನ ಪುಡಿ ಕೂತ ಬಟ್ಟೆ ಚೆಂಡನ್ನು ಬೇಗ ಹಿಡಿಯುತ್ತದೆ, ಟೇಬಲ್ ಮಂದವಾಗುತ್ತದೆ. ನಾನು ಮಾತ್ರ ಬೇಸಿಗೆಯ ಕೈಯಲ್ಲೇ ಹೊಡೆಯುತ್ತಿದ್ದೆ. ಆಟಕ್ಕೆ ಮುಂಚೆ ಚೆಂಡುಗಳನ್ನು ಒಣ ಬಟ್ಟೆಯಿಂದ ಒರೆಸುವುದು, ಟೇಬಲಿಗೆ ಬ್ರಷ್ ಹಾಕಿಸುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡುವವರು ಎಷ್ಟು ಕಡಿಮೆ ಎಂದರೆ, ನಾನು ಒರೆಸತೊಡಗಿದಾಗ ಹುಡುಗರು ನನ್ನನ್ನು ಅಂಗಡಿಯ ಕೆಲಸದವನೆಂದು ತಿಳಿದು ಚಹಾ ತರಲು ಹೇಳಿದರು.

ಬಿಲಿಯರ್ಡ್ಸ್ ಚೆಂಡುಗಳ ಗಣಿತದ ಬಗ್ಗೆ 1835ರಲ್ಲಿ ಇಡೀ ಪುಸ್ತಕವನ್ನೇ ಬರೆದವನು ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಸ್. ತಿರುಗುವ ವ್ಯವಸ್ಥೆಗಳಲ್ಲಿ ಕಾಣುವ ಬಲದ ಬಗೆಗಿನ ಅವನ ಪ್ರಬಂಧವೂ ಅದೇ ವರ್ಷದ್ದು. ಅವನ ತಲೆಯಲ್ಲಿ ಇದ್ದದ್ದು ಯಂತ್ರಗಳು, ಗಾಳಿಯಲ್ಲ. ಆದರೆ ಭೂಮಧ್ಯರೇಖೆಯನ್ನು ದಾಟಿದ ಗಾಳಿ ಬಲಕ್ಕೆ ಹೊರಳಿ ನೈಋತ್ಯದಿಂದ ಆಗುಂಬೆಯ ಘಟ್ಟಕ್ಕೆ ಬಂದು ಬಡಿಯುವುದು ಆ ಬಲದಿಂದಲೇ. ನಮ್ಮ ಟೇಬಲನ್ನು ಒದ್ದೆ ಮಾಡುವ ಮಳೆಗೂ ಟೇಬಲಿನ ಮೇಲಿನ ಚೆಂಡಿಗೂ ಒಬ್ಬನೇ ಲೆಕ್ಕಿಗ!

ಎರಡು ಚೆಂಡು ಡಿಕ್ಕಿಯಾದ ಮೇಲಿನ ದಾರಿಗೂ ಲೆಕ್ಕವಿದೆ. ಬಿಳಿ ಚೆಂಡು ಸುತ್ತೇ ಇಲ್ಲದೆ ಜಾರುತ್ತಾ ಬಂದು ಓರೆಯಾಗಿ ತಾಗಿದರೆ, ಎರಡೂ ಚೆಂಡು ಹೆಚ್ಚುಕಡಿಮೆ 90 ಡಿಗ್ರಿ ಕೋನದಲ್ಲಿ ಬೇರೆಯಾಗುತ್ತವೆ; ತೂಕ ಸಮವಾಗಿರುವುದರಿಂದ ಹೀಗೆ. ಉರುಳುತ್ತಾ ಬಂದು ತಾಗಿದರೆ ಬಿಳಿ ಚೆಂಡು ತಾನು ಬರುತ್ತಿದ್ದ ದಾರಿಯಿಂದ ಸುಮಾರು 30 ಡಿಗ್ರಿ ಹೊರಳುತ್ತದೆ. ಬಣ್ಣದ ಚೆಂಡಿನ ಕಾಲು ಭಾಗಕ್ಕೆ ತಾಗಿದರೂ ಮುಕ್ಕಾಲು ಭಾಗಕ್ಕೆ ತಾಗಿದರೂ ಈ ಹೊರಳು ಹೆಚ್ಚು ಬದಲಾಗುವುದಿಲ್ಲ. ತೋರುಬೆರಳು, ನಡುಬೆರಳನ್ನು ಬಿಗಿಯಿಲ್ಲದೆ ಅಗಲಿಸಿದರೆ ಸುಮಾರು ಅಷ್ಟೇ ಕೋನ ಸಿಗುತ್ತದೆ. ಬಗ್ಗುವ ಮೊದಲು ಬೆರಳು ಹಿಡಿದು ದಾರಿ ನೋಡಿಕೊಳ್ಳುವುದು ನನ್ನ ಆಟವನ್ನು ಹೊಸ ಕೋಲಿಗಿಂತ ಹೆಚ್ಚು ಬದಲಿಸಿತು.

ಇನ್ನು ಕೈಯ ವಿಷಯ. ಕೋಲಿನ ತುದಿ ಚೆಂಡಿಗೆ ಅಂಟಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಅಷ್ಟರಲ್ಲಿ ಮಿದುಳು ಏನನ್ನೂ ತಿದ್ದಲಾರದು. ತಿದ್ದುವುದೆಲ್ಲ ಅದಕ್ಕೆ ಮೊದಲೇ ಆಗಬೇಕು. ಚೆಂಡು ಹೊರಟ ಮೇಲೆ ಕೋಲನ್ನು ಮುಂದಕ್ಕೆ ಬಿಡುವುದರಿಂದ ಚೆಂಡಿಗೆ ಏನೂ ಆಗುವುದಿಲ್ಲ. ತಾಗುವ ಗಳಿಗೆಯಲ್ಲಿ ಕೈ ಹೆದರಿ ಹಿಂಜರಿಯದಂತೆ ಅದು ನೋಡಿಕೊಳ್ಳುತ್ತದೆ, ಅಷ್ಟೇ. ಹಿಡಿತ ಸಡಿಲವಿರಲಿ, ಮೊಣಕೈ ಅಲ್ಲಾಡದಿರಲಿ ಎಂಬುದನ್ನು ಯಾರಾದರೂ ಹೇಳುತ್ತಾರೆ. ಕಣ್ಣಿನ ಬಗ್ಗೆ ಹೇಳುವವರು ಕಡಿಮೆ. ನುರಿತ ಆಟಗಾರರು ಹೊಡೆಯುವ ಮುನ್ನ ಗುರಿಯ ಮೇಲೆ ಕೊನೆಯ ನೋಟವನ್ನು ಹೆಚ್ಚು ಹೊತ್ತು ನಿಲ್ಲಿಸುತ್ತಾರೆಂದು ಬಿಲಿಯರ್ಡ್ಸ್ ಆಟಗಾರರ ಮೇಲೆ ನಡೆದ ಪ್ರಯೋಗಗಳೂ ತೋರಿಸಿವೆ. ನಾನು ಕೋಲನ್ನು ಹಿಂದಕ್ಕೆ ಎಳೆದು ಅರೆಗಳಿಗೆ ನಿಲ್ಲತೊಡಗಿದ್ದು ಆ ನೋಟಕ್ಕೆ ಜಾಗ ಮಾಡಿಕೊಡಲು.

ಅಭ್ಯಾಸದಲ್ಲಿಯೂ ನಾನು ದಡ್ಡನಾಗಿದ್ದೆ. ಒಂದೇ ಹೊಡೆತವನ್ನು ಐವತ್ತು ಸಲ ಹೊಡೆದು ಬೀಗುತ್ತಿದ್ದೆ. ಒಂದೇ ಚಲನೆಯನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮಿಂಚಿದರೂ, ಬೇರೆ ಬೇರೆ ಚಲನೆಗಳನ್ನು ಬೆರೆಸಿ ಕಲಿತವರೇ ಆಮೇಲೆ ಚೆನ್ನಾಗಿ ನೆನಪಿಟ್ಟುಕೊಂಡರು ಎಂಬುದನ್ನು 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ತೋರಿಸಿದ್ದರು. ಈಗ ಪ್ರತಿ ಹೊಡೆತಕ್ಕೂ ದೂರ, ಕೋನ ಎರಡನ್ನೂ ಬದಲಿಸುತ್ತೇನೆ. ಹೊಡೆಯುವ ಮೊದಲೇ ಬಿಳಿ ಚೆಂಡು ನಿಲ್ಲಬೇಕಾದ ಜಾಗದಲ್ಲಿ ಒಂದು ಹಾಳೆ ಇಡುತ್ತೇನೆ. ಬಣ್ಣದ ಚೆಂಡು ಬಿದ್ದರೂ ಬಿಳಿ ಚೆಂಡು ಹಾಳೆಯ ಮೇಲೆ ನಿಲ್ಲದಿದ್ದರೆ ಅದು ತಪ್ಪಿದ ಹೊಡೆತವೇ.

ಕೋಣೆಗೆ ಹೋದ ಕೂಡಲೇ ನಾನು ಮಾಡುವುದು ಒಂದೇ ಕೆಲಸ. ಬಿಳಿ ಚೆಂಡನ್ನು ಒಂದೇ ಅಳತೆಯ ಹೊಡೆತದಲ್ಲಿ ಎದುರಿನ ಕುಷನ್‌ಗೆ, ಅಂದರೆ ಟೇಬಲಿನ ರಬ್ಬರ್ ಅಂಚಿಗೆ, ಕಳಿಸಿ, ವಾಪಸ್ ಎಲ್ಲಿ ಬಂದು ನಿಲ್ಲುತ್ತದೆಂದು ನೋಡುತ್ತೇನೆ. ಬೇಸಿಗೆಯಲ್ಲಿ ಅದು ನನ್ನ ಕಡೆಯ ಕುಷನ್ ಮುಟ್ಟುತ್ತದೆ. ನಿನ್ನೆ ಸಂಜೆ, ಹೊರಗೆ ಜಡಿಮಳೆ ಸುರಿಯುತ್ತಿದ್ದಾಗ, ಎರಡು ಗೇಣು ಹಿಂದೆಯೇ ನಿಂತಿತು.