ಕಾಗೆ ಕುಡಿದ ನೀರೂ ಆವಿ ಲೆಕ್ಕಕ್ಕೆ

ಹವಾಮಾನ ಕೇಂದ್ರಗಳಲ್ಲಿ, ಕೃಷಿ ವಿವಿ ಫಾರ್ಮ್‌ಗಳಲ್ಲಿ ಮರದ ಹಲಗೆಗಳ ಚೌಕಟ್ಟಿನ ಮೇಲೆ ಬಿಳಿ ಬಣ್ಣದ ಅಗಲ ಬಾನಿ ಥರದ್ದೊಂದು ಕೂತಿರುತ್ತಲ್ಲ, ಅದೇ ಇವಾಪೊರೇಷನ್ ಪ್ಯಾನ್, ಅಂದ್ರೆ ನೀರು ಎಷ್ಟು ಆವಿಯಾಗುತ್ತೆ ಅಂತ ಅಳೆಯೋ ಪಾತ್ರೆ. ಕೆಲಸ ಸಿಂಪಲ್ಲು, ಬೆಳಿಗ್ಗೆ ಹೋಗಿ ನೋಡೋದು, ಗುರುತಿಗಿಂತ ನೀರು ಕೆಳಗಿಳಿದಿದ್ರೆ ಅಳತೆ ಸಿಲಿಂಡರ್‌ನಲ್ಲಿ ಹಾಕಿ ಗುರುತು ಮುಟ್ಟಿಸೋದು, ಮಳೆ ಬಂದಿದ್ರೆ ಅದನ್ನೂ ಕೂಡಿಸೋದು, ಅಷ್ಟೇ ಆವಿಯಾಗಿದ್ದು.

ಇದನ್ನ ಸೀರಿಯಸ್ಸಾಗಿ ಶುರು ಮಾಡಿದವ್ರಲ್ಲಿ ಒಬ್ಬ ಧೂಮಕೇತು ಖ್ಯಾತಿಯ ಹ್ಯಾಲಿ. ಇಷ್ಟೊಂದು ನದಿ ಬಂದು ಸೇರಿದ್ರೂ ಮೆಡಿಟರೇನಿಯನ್ ಸಮುದ್ರ ಯಾಕೆ ಉಕ್ಕಲ್ಲ ಅನ್ನೋದು ಅವನ ತಲೆನೋವು. ಸಣ್ಣ ಪಾತ್ರೆಯಲ್ಲಿ ಉಪ್ಪುನೀರು ಹಾಕಿ ಬೇಸಿಗೆಯಷ್ಟು ಬಿಸಿ ಮಾಡಿ ತಕ್ಕಡಿಗೆ ನೇತುಹಾಕಿ ತೂಕ ಎಷ್ಟು ಇಳೀತು ನೋಡಿದ, ಅದರಿಂದಲೇ ಇಡೀ ಸಮುದ್ರದಿಂದ ದಿನಕ್ಕೆ 528 ಕೋಟಿ ಟನ್ ಹೋಗುತ್ತೆ ಅಂತ 1687ರಲ್ಲಿ ಬರೆದ. ಒಂದು ಪಾತ್ರೆಯಿಂದ ಸಮುದ್ರಕ್ಕೆ ಹಾರಿದ್ದು ಧೈರ್ಯಾನೇ ಬಿಡಿ! ಆದ್ರೆ ಬೀಸೋ ಗಾಳಿ ಹೀರ್ಕೊಂಡು ಹೋಗೋ ನೀರು ಲೆಕ್ಕದಲ್ಲಿ ಇರಲಿಲ್ಲ, ಅದನ್ನ ಅವನೇ ಒಪ್ಕೊಂಡಿದ್ದ.

ಆಮೇಲೆ ಒಬ್ಬೊಬ್ಬರದು ಒಂದೊಂದು ಅಳತೆಯ ಪಾತ್ರೆ. ಅಮೆರಿಕದ ಕ್ಲಾಸ್ ಎ ಪ್ಯಾನ್ 120.7 ಸೆಂ.ಮೀ. ಅಗಲ, 25 ಸೆಂ.ಮೀ. ಆಳ, ಅದೇ ಹೆಚ್ಚು ಚಾಲ್ತಿಗೆ ಬಂತು. ನಮ್ಮ ದೇಶದ್ದು ಸುಮಾರು ಅದೇ ಸೈಜು, ತಾಮ್ರದ್ದು, ಒಳಗೆ ಕಲಾಯಿ, ಮೇಲೆ ಜಾಲರಿ. ಜಾಲರಿ ಯಾಕಪ್ಪಾ ಅಂದ್ರೆ ನಮ್ಮ ಬಿಸಿಲಲ್ಲಿ ತೆರೆದ ನೀರಿಟ್ರೆ ಕಾಗೆ ಗುಬ್ಬಿ ಬಿಡ್ತಾವಾ? ಅವು ಕುಡಿದದ್ದೂ ಆವಿ ಅಂತಾನೇ ಬರ್ಕೊಬೇಕಾಗುತ್ತೆ. ಆದ್ರೆ ಜಾಲರಿ ಬಿಸಿಲನ್ನೂ ಗಾಳಿಯನ್ನೂ ಸ್ವಲ್ಪ ತಡೆಯುತ್ತೆ, ಆವಿ ಸುಮಾರು 14% ಕಮ್ಮಿ.

ಇನ್ನೊಂದು ತಾಪತ್ರಯ, ಪ್ಯಾನ್ ಅಂದ್ರೆ ಕೆರೆ ಅಲ್ಲ. ತಗಡಿನ ಪಕ್ಕಗಳಿಗೂ ಬಿಸಿಲು ಹೊಡೆದು ನೀರು ಬೇಗ ಕಾಯುತ್ತೆ, ಕೆರೆಗಿಂತ ಜಾಸ್ತಿ ಆವಿಯಾಗುತ್ತೆ. ಅದಕ್ಕೇ ಕೆರೆಯ ಆವಿ ಎಷ್ಟು ಅಂತ ತಿಳಿಯೋಕೆ ಕ್ಲಾಸ್ ಎ ರೀಡಿಂಗನ್ನ 0.7ರಿಂದ, ನಮ್ಮ ಜಾಲರಿ ಪ್ಯಾನಿನದ್ದನ್ನ 0.8ರಿಂದ ಗುಣಿಸ್ತಾರೆ. ಇವೂ ಸರಾಸರಿ ಅಷ್ಟೇ, ಸೀಸನ್ ಬದಲಾದ್ರೆ ಬದಲಾಗುತ್ತೆ, ಜಲಾಶಯದ ಆವಿ ನಷ್ಟ ಇಷ್ಟು ಟಿಎಂಸಿ ಅಂತ ಓದುವಾಗ ಈ ಗುಣಾಕಾರ ನೆನಪಿರಲಿ.

ಮಜಾ ಇರೋದು ಈಗ. 1995ರಲ್ಲಿ ಅಮೆರಿಕ ಮತ್ತು ಹಳೇ ಸೋವಿಯತ್ ಪ್ಯಾನ್‌ಗಳ ದಶಕಗಳ ರೀಡಿಂಗ್ ನೋಡಿದ್ರೆ ಆವಿ ಕಮ್ಮಿ ಆಗ್ತಾ ಬಂದಿದೆ, ಎರಡು ವರ್ಷ ಬಿಟ್ಟು ಭಾರತದ್ದರಲ್ಲೂ ಅದೇ ಕಥೆ. ಭೂಮಿ ಬಿಸಿ ಆಗ್ತಿದೆ, ಆವಿ ಇಳೀತಿದೆ, ಇದೆಂಥಾ ಲೆಕ್ಕ? ಮೋಡ, ಹೊಗೆ, ಧೂಳಿನಿಂದ ಬಿಸಿಲೇ ಕುಗ್ಗಿದೆ ಅಂತ ರೋಡರಿಕ್ ಮತ್ತು ಫಾರ್ಕ್ಹಾರ್ ಅನ್ನೋ ವಿಜ್ಞಾನಿಗಳು 2002ರಲ್ಲಿ ವಾದಿಸಿದ್ರು. ಆಸ್ಟ್ರೇಲಿಯಾದ ಡೇಟಾ ಬಿಡಿಸಿ ನೋಡಿದಾಗ ಮಾತ್ರ ಮುಖ್ಯ ಕಾರಣ ಬೇರೆಯೇ ಸಿಕ್ತು: ಅಲ್ಲಿ ಬೀಸೋ ಗಾಳಿಯೇ ನಿಧಾನ ಆಗಿತ್ತು, ಹ್ಯಾಲಿ ಅವತ್ತು ಲೆಕ್ಕಕ್ಕೆ ತಗೊಳ್ಳದೇ ಬಿಟ್ಟಿದ್ನಲ್ಲ, ಅದೇ ಗಾಳಿ.