ಡೆಂಗಿ ರೋಗಿಯ ಚೀಟಿಯಲ್ಲಿ ನಲ್ಲಿ ನೀರಿನ ಲೆಕ್ಕವೂ ಇರಲಿ

ಮಳೆಗಾಲ ಹಿಡಿಯಿತೆಂದರೆ ಬೆಂಗಳೂರಿನ ಹೊರವಲಯದ ಬಡಾವಣೆಗಳಿಂದ ಡೆಂಗಿ ರೋಗಿಗಳು ಬರತೊಡಗುತ್ತಾರೆ. ಚೀಟಿಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯನ್ನು ಬರೆಯುವ ವೈದ್ಯರು, ಆ ಮನೆಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮನೆಯಲ್ಲಿ ಹಿಡಿದಿಟ್ಟ ತಿಳಿನೀರನ್ನೇ ಹೆಚ್ಚಾಗಿ ಅರಸುತ್ತದೆ. ಡ್ರಮ್ಮು, ಸಿಮೆಂಟ್ ತೊಟ್ಟಿ, ಮುಚ್ಚಳ ಸರಿಯಾಗಿ ಕೂರದ ಸಂಪುಗಳ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಅದು ಇಟ್ಟ ಮೊಟ್ಟೆಗಳು ನೀರು ಆರಿದರೂ ತಿಂಗಳುಗಟ್ಟಲೆ ಉಳಿದಿದ್ದು, ಮತ್ತೆ ನೀರು ತಾಗಿದಾಗ ಒಡೆದು, ಸುಮಾರು 7ರಿಂದ 10 ದಿನಗಳಲ್ಲಿ ಹಾರುವ ಸೊಳ್ಳೆಗಳಾಗುತ್ತವೆ. ಆದ್ದರಿಂದಲೇ ವಾರಕ್ಕೊಮ್ಮೆ ಡ್ರಮ್ಮನ್ನು ಬರಿದುಮಾಡಿ, ತಿಕ್ಕಿ ತೊಳೆದು ಒಣಗಿಸಬೇಕೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳುತ್ತಾರೆ. ಸಲಹೆ ಸರಿಯಾದದ್ದೇ, ಆದರೆ ಮುಂದಿನ ಸರದಿ ಯಾವಾಗಲೋ ತಿಳಿಯದಿರುವಾಗ, ಟ್ಯಾಂಕರಿಗೆ ದುಡ್ಡು ಕೊಟ್ಟು ತುಂಬಿಸಿದ ನೀರನ್ನು ಯಾವ ತಾಯಿ ಚೆಲ್ಲಿಯಾಳು? 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಕೊಳವೆಬಾವಿಗಳು ಬತ್ತಿದ್ದವು. ಅದೇ ವರ್ಷ ಡೆಂಗಿ ವ್ಯಾಪಕವಾದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನು ಗೊತ್ತುಮಾಡಿತು. ಕಟ್ಟಡ ಕಾಮಗಾರಿಯ ಗುತ್ತಿಗೆದಾರರಿಗೆ ದಂಡ ಹಾಕುವುದು ನ್ಯಾಯವೇ. ನೀರಿಗಾಗಿ ಕಾಯುತ್ತಿರುವ ಬಾಡಿಗೆದಾರರಿಗೆ ಹಾಕುವುದನ್ನು ನಾನು ಒಪ್ಪಲಾರೆ.

ಈ ಸೊಳ್ಳೆ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಾಚೆ ಹಾರುವುದಿಲ್ಲ, ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ಒತ್ತೊತ್ತಾಗಿ ಮನೆಗಳಿರುವ ವಠಾರದಲ್ಲಿ ಒಂದು ಮನೆಯವರು ಎಷ್ಟೇ ಎಚ್ಚರದಿಂದಿದ್ದರೂ ಪಕ್ಕದ ಮನೆಯ ತೊಟ್ಟಿಯಿಂದ ಜ್ವರ ಬರಬಹುದು, ಸಂಪಿನ ಮುಚ್ಚಳವನ್ನು ಸರಿಪಡಿಸಬೇಕಾದ ಮಾಲೀಕರು ಬೇರೆ ಬಡಾವಣೆಯಲ್ಲಿ ವಾಸವಾಗಿರಬಹುದು.

ದಿನಗೂಲಿಯವರ ಕಷ್ಟ ಇನ್ನೂ ದೊಡ್ಡದು. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ ಜ್ವರ ಇಳಿಯುವ ಹೊತ್ತಿನಲ್ಲೇ ಡೆಂಗಿಯ ಅಪಾಯ ಹೆಚ್ಚುತ್ತದೆ, ಆದರೆ ಜ್ವರ ಬಿಟ್ಟಿತೆಂದು ಅವರು ಕೆಲಸಕ್ಕೆ ಹೊರಡುವುದೂ ಆಗಲೇ. ತೀವ್ರವಾದ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದು ನಾವು ಹೇಳುತ್ತೇವೆ. ಒಂದು ದಿನದ ಕೂಲಿ ತಪ್ಪಿದರೆ ಅಡುಗೆಮನೆಗೆ ಪೆಟ್ಟು ಬೀಳುವವರಿಗೆ ಈ ಮಾತು ಕೇಳಿಸಿದರೂ ಪಾಲಿಸಲಾಗದೆ ಹೋಗುತ್ತದೆ.

2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಯೋಜನೆಯ ದಿನಕ್ಕೆ 775 ದಶಲಕ್ಷ ಲೀಟರ್ ನೀರು, ನಗರಕ್ಕೆ ಸೇರಿದ 110 ಹಳ್ಳಿಗಳನ್ನು ಉದ್ದೇಶಿಸಿದ್ದು. ಯಾವ ಬೀದಿಗೆ ನೀರು ನಿಯಮಿತವಾಗಿ ತಲುಪಿದೆ, ಯಾವ ಬೀದಿಯಲ್ಲಿ ಡೆಂಗಿ ಇನ್ನೂ ಮರುಕಳಿಸುತ್ತಿದೆ ಎಂಬ ಎರಡು ಪಟ್ಟಿಗಳನ್ನು ಜಲಮಂಡಳಿಯ ಎಂಜಿನಿಯರುಗಳೂ ಆರೋಗ್ಯ ನಿರೀಕ್ಷಕರೂ ಈ ಮಳೆಗಾಲಕ್ಕೆ ಮುಂಚೆಯೇ ಒಟ್ಟಿಗೆ ಕುಳಿತು ಹೋಲಿಸಿ ನೋಡಲಿ.